ಹುಳುಮನೆಯ ಹೊಸ್ತಿಲು

ಆ ಶನಿವಾರ ನಾನು ಅತ್ತಿಗೆಗೆ ಬಳೆ ತೆಗೆದುಕೊಂಡು ಹೋಗಿದ್ದೆ. ಹಸಿರು ಗಾಜಿನವು, ಮೇಲೆ ಬಂಗಾರದ ಬಣ್ಣದ ಸಣ್ಣ ಚುಕ್ಕಿ. ಹಾಸ್ಟೆಲಿನಿಂದ ಊರಿಗೆ ಹೋಗುವಾಗ ಯಾರಿಗೂ ಏನನ್ನೂ ಒಯ್ಯುವ ಅಭ್ಯಾಸ ನನಗಿರಲಿಲ್ಲ. ಕೊಡುವಾಗ ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡುವವಳು ನಾನು. ಆದರೆ ಆ ಸಲ ಕೊಡಲೇಬೇಕೆನಿಸಿತ್ತು. ಅತ್ತಿಗೆ ವರಲಕ್ಷ್ಮಮ್ಮ ನಮ್ಮಮ್ಮನನ್ನು ಕೊನೆಗೂ ಕೆಲಸ ಬಿಡಿಸಿ ಕೂರಿಸಿದ್ದಳು.

ಅಮ್ಮನ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಒಂದು ಡಬ್ಬಿ ಇತ್ತು. ಷೂ ಪಾಲಿಷಿನ ಡಬ್ಬಿಯಷ್ಟು ಅಗಲ, ಬೆಳ್ಳಿಯ ಬಣ್ಣ. ಅದರಿಂದ ಹೊರಟ ತಂತಿ ರಕ್ತನಾಳದೊಳಗೆ ಇಳಿದು, ಹೃದಯ ಬಡಿಯಲು ಮರೆತಾಗಲೆಲ್ಲ ಅದನ್ನು ತಟ್ಟಿ ಎಬ್ಬಿಸುತ್ತಿತ್ತು. ೧೯೭೬ರ ಬೇಸಿಗೆಯಲ್ಲಿ ಅಮ್ಮ ಹಿಪ್ಪುನೇರಳೆ ತೋಟದಲ್ಲಿ ಸುಮ್ಮಸುಮ್ಮನೆ ಕುಸಿದು ಬೀಳತೊಡಗಿದಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಸೇರುವವಳಿದ್ದೆ, ಡಾಕ್ಟರ ಇಂಗ್ಲಿಷ್ ಅರ್ಥವಾಗುವವಳು ಮನೆಯಲ್ಲಿ ನಾನೊಬ್ಬಳೇ. ಯಾವುದೋ ದೇಶದಿಂದ ದಾನವಾಗಿ ಬಂದ ಡಬ್ಬಿ ಅಮ್ಮನ ಪಾಲಿಗೆ ಸಿಕ್ಕಿತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವತ್ತು ಮಾತ್ರ ಅವರು ಕನ್ನಡದಲ್ಲೇ ಮಾತಾಡಿದರು.

“ನೋಡಮ್ಮ, ಮಾಂಸಕ್ಕೆ ರಕ್ತ ಹೋಗತ್ತೆ, ರಕ್ತದ ಜೊತೆ ಔಷಧಿ ಹೋಗತ್ತೆ. ಲೋಹಕ್ಕೆ ರಕ್ತ ಇಲ್ಲ. ಅದರ ಮೇಲೆ ಬ್ಯಾಕ್ಟೀರಿಯಾ ಒಂದು ಸಲ ಕೂತ್ಕೊಂಡ್ರೆ ಕೆರೆ ಮೆಟ್ಟಿಲಿಗೆ ಪಾಚಿ ಹಿಡಿದ ಹಾಗೆ. ಮೇಲೆ ಎಷ್ಟು ನೀರು ಹರಿದರೂ ಬಿಡಲ್ಲ. ಆಮೇಲೆ ಡಬ್ಬಿ, ತಂತಿ ಎಲ್ಲಾ ಕಿತ್ತು ತೆಗೀಬೇಕು. ತಂತಿ ಹಿಡ್ಕೊಂಡು ಹೃದಯಕ್ಕೆ ಇಳೀತು ಅಂದ್ರೆ ನಮ್ಮ ಕೈಲೂ ಏನೂ ಇರಲ್ಲ. ಚರ್ಮ ಕೆಂಪಾದ್ರೆ, ಬಿಸಿ ಆದ್ರೆ, ಒಂದು ಹನಿ ಕೀವು ಕಂಡ್ರೆ ಅವತ್ತೇ ಕರ್ಕೊಂಡು ಬಾ. ಅರಿಶಿನ ಗಿರಿಶಿನ ಹಚ್ಚಬೇಡಿ. ಆ ಜಾಗ ಉಜ್ಜಬಾರದು, ಆ ಕೈಲಿ ಭಾರ ಎತ್ತಬಾರದು.”

ಇದನ್ನೆಲ್ಲ ನಾನು ಮನೆಯಲ್ಲಿ ಎಲ್ಲರ ಮುಂದೆ ನಿಂತು ಹೇಳಿದ್ದೆ. ನಮ್ಮ ಮನೆಯಲ್ಲಿ ನಾನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಅಪ್ಪ ಪಿಳ್ಳಪ್ಪ, ಅಣ್ಣ ಗೋಪಾಲಪ್ಪ, ಅತ್ತಿಗೆ, ಎಲ್ಲರೂ ತಲೆಯಾಡಿಸಿದರು. ಅಣ್ಣ ಮಾತ್ರ, “ಟೀಚರಮ್ಮ ಪಾಠ ಮುಗಿಸಿದ್ಲು, ಇನ್ನು ಬೆಲ್ ಹೊಡೀರಿ” ಎಂದು ನಗಿಸಿದ್ದ.

ಭಾರ ಎತ್ತಬಾರದು ಎಂಬುದೊಂದೇ ನಡೆಯಲಿಲ್ಲ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆಂದು ಬೇರೆ ಕಟ್ಟಡವಿಲ್ಲ, ನಡುಮನೆಯೇ ಹುಳುಮನೆ. ಬಿದಿರಿನ ದೊಡ್ಡ ತಟ್ಟೆಗಳನ್ನು ಎಳೆದು, ಎದೆಗೆ ಆನಿಸಿಕೊಂಡು ಇಳಿಸಿ, ಸೊಪ್ಪು ಹಾಕಿ, ಮತ್ತೆ ಮೇಲಕ್ಕೆ ಸೇರಿಸಬೇಕು. ಅಮ್ಮ ಅದನ್ನು ಬಿಡಲಿಲ್ಲ. ಪ್ರತಿ ಸಲ ಹೋದಾಗಲೂ ನಾನು ಡಬ್ಬಿಯ ಮೇಲಿನ ಚರ್ಮ ನೋಡುತ್ತಿದ್ದೆ. ತಟ್ಟೆಯ ಅಂಚು ಒತ್ತಿ ಒತ್ತಿ ಅಲ್ಲಿ ಹೊಳಪು ಬಂದಿತ್ತು.

ಹಾಗಿರುವಾಗ ಸಂಕ್ರಾಂತಿಗೆ ಹೋದಾಗ ಅಮ್ಮ ಹುಳುಮನೆಯಲ್ಲಿರಲಿಲ್ಲ. ಹೊರಗೆ ಜಗುಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಗಾಳಿ ಬರದಂತೆ ಒಂದು ಪಕ್ಕ ಗೋಣಿಚೀಲ ಕಟ್ಟಿದ್ದರು. “ಇನ್ಮೇಲೆ ಅತ್ತೆಮ್ಮನ್ನ ಹುಳದ ಹತ್ರ ಬಿಡಲ್ಲಮ್ಮ. ನೀನು ಹೇಳಿದ್ಯಲ್ಲ, ರೆಸ್ಟು” ಎಂದಳು ಅತ್ತಿಗೆ. ಇಷ್ಟು ಚಳಿಯಲ್ಲಿ ಹೊರಗೇಕೆ ಎಂದು ಕೇಳಿದ್ದಕ್ಕೆ, ಒಳಗೆ ಹುಳುವಿಗೆಂದು ಇದ್ದಿಲ ಒಲೆ ಇಟ್ಟಿದೆ, ಹೊಗೆಗೆ ಅತ್ತೆಗೆ ಉಸಿರು ಕಟ್ಟುತ್ತದೆ ಎಂದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಮ್ಮನ ಎದೆಯ ಮೇಲೆ ಅವತ್ತು ಅಣ್ಣನ ಹಳೆಯ ಅಂಗಿಯ ಬಟ್ಟೆ ಮಡಿಸಿ ಇಟ್ಟಿತ್ತು. “ಚಳಿಗೆ ಕಣೆ, ತಣ್ಣಗಾಗುತ್ತೆ ಡಬ್ಬಿ” ಎಂದಳು. ಲೋಹ ತಣ್ಣಗಾಗುವುದು ಸಹಜವೇ ಎಂದುಕೊಂಡೆ. ಹಬ್ಬದ ದಿನ ಬಿಚ್ಚಿಸುವುದು ಬೇಡವೆಂದು ಬಿಟ್ಟೆ. ಆಮೇಲೆ ಪರೀಕ್ಷೆ ಬಂತು, ಒಂದು ಶನಿವಾರ ಹೋಗಲಾಗಲಿಲ್ಲ.

ಈಗ ಬಳೆ ಹಿಡಿದು ನಂದಗುಡಿಯಲ್ಲಿ ಬಸ್ಸಿಳಿದು, ತೋಟದ ಹಾದಿಯಲ್ಲಿ ನಡೆದು ಮನೆ ಸೇರುವಾಗ ಇಳಿಬಿಸಿಲು. ಬಾಗಿಲಲ್ಲಿ ಪಕ್ಕದ ಮನೆಯ ದೊಡ್ಡಬೀರಪ್ಪ ನಿಂತಿದ್ದ. ಅಣ್ಣ ಒಳಗಿನಿಂದಲೇ ಅವನನ್ನು ತಡೆದಿದ್ದ.

“ಅಲ್ಲೇ ನಿಲ್ಲು ಬೀರಣ್ಣ. ಹೊರಗಿನೋರು ಬರಂಗಿಲ್ಲ. ಹುಳ ದೊಡ್ಡವಾಗವೆ.”

“ಒಂದು ಕುಡ್ಲು ಕೊಡ್ಲಾ ಅಂದ್ರೆ ತಿರುಪತೀಲಿ ನಿಲ್ಲಿಸ್ದಂಗೆ ನಿಲ್ಲಿಸ್ತೀಯಲ್ಲೋ. ನಿಮ್ಮನೆ ಹುಳುಗೆ ಇರೋ ಮರ್ಯಾದೆ ನಮ್ಮನೇಲಿ ಅಳಿಯಂಗಿಲ್ಲ.”

“ಅಳಿಯ ಗೂಡು ಕಟ್ತಾನೇನು?”

ದೊಡ್ಡಬೀರಪ್ಪ ನಗುತ್ತ ಕುಡುಗೋಲು ಹಿಡಿದು ಹೋದ. ಹೊಸ್ತಿಲ ಬಳಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಬಾಂಡಲಿ ಇತ್ತು. ಒಳಗೆ ಹೋಗುವವರು ಅದರಲ್ಲಿ ಕೈಕಾಲು ಅದ್ದಿಯೇ ಹೋಗಬೇಕು. ಅದು ಪ್ರತಿ ಬೆಳೆಯಲ್ಲೂ ಇರುವುದೇ. ಆದರೆ ಅಂಥದೇ ಇನ್ನೊಂದು ಚಿಕ್ಕ ಬಾಂಡಲಿ ಅಮ್ಮನ ಚಾಪೆಯ ಪಕ್ಕದಲ್ಲೂ ಇತ್ತು. ಅವಳ ತಟ್ಟೆ, ಲೋಟ ಬೇರೆ ಮಗುಚಿಟ್ಟಿದ್ದರು. ಇದನ್ನೆಲ್ಲ ನಾನು ನೋಡಿದೆ. ನೋಡಿ, ಎಷ್ಟು ಶುಚಿಯಾಗಿ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಅತ್ತಿಗೆ ಹೊರಗೆ ಬಂದಾಗ ಬಳೆಯ ಪೊಟ್ಟಣ ಕೈಗಿತ್ತೆ. “ಅಮ್ಮನ್ನ ನೀವು ನೋಡಿಕೊಳ್ತಿರೋದಕ್ಕೆ” ಎಂದಷ್ಟೇ ಬಾಯಿಂದ ಬಂತು. ಅವಳು ಪೊಟ್ಟಣ ಬಿಚ್ಚಿ ನೋಡಿದಳು, ಮತ್ತೆ ಹಾಗೇ ಮಡಿಸಿದಳು. ನನ್ನ ಮುಖ ನೋಡಲಿಲ್ಲ. “ಇವೆಲ್ಲ ಯಾಕಮ್ಮ” ಎಂದು ಒಳಗೆ ಹೋದಳು. ನಾಚಿಕೆ ಅವಳಿಗೂ ಇದೆ ಎಂದುಕೊಂಡೆ.

ಅಮ್ಮ ಬೆಚ್ಚಗಿದ್ದಳು. ಕೈ ಹಿಡಿದಾಗ ಗೊತ್ತಾಯಿತು. “ಬಿಸಿಲಲ್ಲಿ ಕೂತಿದ್ದೆ” ಎಂದಳು. ಎದೆ ತೋರಿಸು ಎಂದೆ. “ಶನಿವಾರ ಬೇಡ, ನಾಳೆ ನೀರು ಹಾಕ್ಕೊಂಡಾಗ ನೋಡೀಯಂತೆ” ಎಂದು ನಕ್ಕಳು. ನಾಡಿ ಹಿಡಿದು ಎಣಿಸಿದೆ. ಡಬ್ಬಿ ತಟ್ಟುತ್ತಿದ್ದಷ್ಟೇ ಸರಿಯಾಗಿ ಬಡಿಯುತ್ತಿತ್ತು. ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಹಿತ್ತಿಲ ಬಾಗಿಲಿನಿಂದ ಹುಳುಮನೆಗೆ ಹೋದೆ. ಸೊಪ್ಪು ಹೆಚ್ಚಿಕೊಡುವುದು ಊರಿಗೆ ಹೋದಾಗ ನನ್ನ ಕೆಲಸ. ಒಳಗೆ ಬೆಚ್ಚಗಿತ್ತು. ಇದ್ದಿಲ ಒಲೆಯ ಮೇಲೆ ಹೊಗೆಯೇ ಇರಲಿಲ್ಲ, ಕೆಂಡ ಮಾತ್ರ. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ತಟ್ಟೆಗಳ ಸಾಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೆಚ್ಚತೊಡಗಿದೆ. ಅಣ್ಣ ಮುಂದಿನ ಸಾಲಿನಲ್ಲಿ ತಟ್ಟೆಯೊಂದನ್ನು ಎಳೆದು ಬೈದುಕೊಂಡ. ಹಾಲುತೊಂಡೆ ಬಂದಿತ್ತು. ಆ ರೋಗ ಬಂದ ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ರಸ ಸುರಿಸುತ್ತದೆ. ಒಂದಕ್ಕೆ ಬಂದರೆ ಇಡೀ ತಟ್ಟೆ ಎಸೆಯಬೇಕು. ಅಣ್ಣ ಅತ್ತಿಗೆಯನ್ನು ಕರೆದ.

“ಬೆಳಗ್ಗೆ ಅಮ್ಮನ ಗಾಯದ ಬಟ್ಟೆ ಬದಲಾಯಿಸಿದ್ದು ನೀನೇ ತಾನೆ?”

“ಹೂಂ.”

“ಕೈ ತೊಳ್ಕೊಂಡೇ ಸೊಪ್ಪು ಮುಟ್ಟಿದ್ಯಾ?”

“ತೊಳ್ಕೊಂಡೆ ಕಣ್ರಿ. ಎರಡು ಸಲ ತೊಳ್ಕೊಂಡೆ.”

“ಮತ್ತೆ ಇದೆಲ್ಲಿಂದ ಬಂತು? ಆ ಕೀವು ಸೋಕದಂಗೆ ನೋಡ್ಕೋ ಅಂತಾನೇ ಅಮ್ಮನ್ನ ಆಚೆ ಮಲಗ್ಸಿರೋದು. ರೇಷ್ಮೆ ಇಲಾಖೆ ತರಬೇತೀಲಿ ಏನಂದ್ರು? ಗಾಯ ಇರೋರು ಹುಳದ ಹತ್ರಾನೇ ಬರಬಾರದು ಅಂದ್ರು. ಬೆಳೆಯೆಲ್ಲ ಹೋದ್ರೆ ಏನ್ಮಾಡ್ತೀಯ?”

ನನ್ನ ಕೈಯ ಕತ್ತಿ ನಿಂತಿತು. ಹೆಚ್ಚುವ ಸದ್ದು ನಿಂತದ್ದಕ್ಕೇ ಇರಬೇಕು, ಅಣ್ಣ ಬಗ್ಗಿ ತಟ್ಟೆಗಳ ಸಂದಿಯಿಂದ ನನ್ನನ್ನು ನೋಡಿದ. ನಾನು ಎದ್ದು ಅವರಿಬ್ಬರ ನಡುವೆ ಹಾದು ಜಗುಲಿಗೆ ಬಂದೆ.

ಅಮ್ಮ ನನ್ನ ಮುಖ ನೋಡಿಯೇ ಸೆರಗನ್ನು ಎದೆಗೆ ಒತ್ತಿಕೊಂಡಳು. “ಏನಿಲ್ಲ ಕಣಮ್ಮ, ಒಂದು ಗುಳ್ಳೆ” ಎಂದಳು. ನಾನು ಅವಳ ಕೈ ಸರಿಸಿ ರವಿಕೆಯ ಹುಕ್ಕು ಬಿಚ್ಚಿದೆ. ಅಣ್ಣನ ಅಂಗಿಯ ಬಟ್ಟೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಬಿಡಿಸಿದೆ. ಡಬ್ಬಿಯ ಕೆಳ ಅಂಚಿನಲ್ಲಿ ಚರ್ಮ ಕಪ್ಪಾಗಿ ಬಾಯಿಬಿಟ್ಟಿತ್ತು. ಸುತ್ತ ಹಳದಿ ಕೀವು, ಅದರ ಮೇಲೆ ಉದುರಿಸಿದ ಸುಣ್ಣದ ಪುಡಿ. ಹುಳುವಿನ ಹಾಸಿಗೆ ತೇವವಾದಾಗ ಉದುರಿಸುವ ಪುಡಿ ಅದು. ಬಾಯಿಬಿಟ್ಟ ಕಡೆ ಉಗುರಿನಷ್ಟು ಅಗಲ ಲೋಹ ಹೊಳೆಯುತ್ತಿತ್ತು. ಅಮ್ಮನ ಮೈಯೊಳಗಿನ ವಸ್ತುವಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು.

“ಯಾವಾಗಿಂದ?”

“ನಾನೇ ಹೇಳಬೇಡಿ ಅಂದೆ. ನಿಂಗೆ ಪರೀಕ್ಷೆ.”

“ಸಂಕ್ರಾಂತಿಗೆ ಬಂದಾಗಲೇ ಇತ್ತಾ?”

ತೋಟದ ಕಡೆಯಿಂದ ಸೊಪ್ಪಿನ ಹೊರೆ ಹೊತ್ತು ಬಂದ ಅಪ್ಪ ಅಂಗಳದಲ್ಲೇ ನಿಂತಿದ್ದ. ಹೊರೆ ಇಳಿಸಲಿಲ್ಲ.

“ಆಗಿನ್ನೂ ಕೆಂಪಗಿತ್ತು ಅಷ್ಟೇಯ. ಒಡೆದಿರಲಿಲ್ಲ” ಎಂದ. “ಒಡೆದಾಗ ಹುಳ ಕೊನೇ ಪೊರೆ ಬಿಡೋ ಹೊತ್ತು ಕಣವ್ವ. ಆಸ್ಪತ್ರೆ ಅಂದ್ರೆ ಇಬ್ರು ಹೋಗಬೇಕು. ಇಲ್ಲಿ ಸೊಪ್ಪು ಕೊಯ್ಯೋರು ಯಾರು, ಹಾಕೋರು ಯಾರು? ಇನ್ನೇನು ಹಣ್ಣಾಗ್ತವೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಟ್ಟ ಮಾರನೇ ದಿನಾನೇ ಕರ್ಕೊಂಡು ಹೋಗೋಣ ಅಂತಿದ್ವಿ. ನಿಂಗೆ ಹೇಳಿದ್ರೆ ಸುಮ್ನಿರಲ್ಲ ಅಂತ…”

“ನಾನು ಯಾವತ್ತು ಸುಮ್ಮನಿರಲಿಲ್ಲ, ಅಪ್ಪ?” ಎಂದೆ. ಮೆಲ್ಲಗೇ ಎಂದೆ. ನನಗೆ ಜೋರಾಗಿ ಮಾತಾಡಲು ಬರುವುದಿಲ್ಲ.

ಅಣ್ಣ ಹೊಸ್ತಿಲ ಒಳಗೆ ನಿಂತಿದ್ದ, ಆಚೆ ಬರಲಿಲ್ಲ. ಬಂದರೆ ಮತ್ತೆ ಕಾಲು ಅದ್ದಬೇಕು. “ಹಂಗಲ್ಲ ಕಣೆ ದೇವಿ. ಅಮ್ಮಂಗೂ ರೆಸ್ಟ್ ಆಗ್ಲಿ ಅಂತಾನೂ ಇತ್ತು” ಎಂದ. ಆ ಮಾತು ಅವನಿಗೇ ಸರಿಯೆನಿಸಲಿಲ್ಲವೇನೋ, ಒಳಗೆ ತಿರುಗಿದ. ಕೀವು ಹುಳುವಿಗೆ ದಾಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೆಚ್ಚಗಿಡಬೇಕು, ಮುಟ್ಟುವ ಮೊದಲು ಕೈ ತೊಳೆಯಬೇಕು, ಒಂದು ಕೆಟ್ಟರೆ ಉಳಿದದ್ದೂ ಕೆಡುತ್ತದೆ, ಇಷ್ಟೂ ಗೊತ್ತಿತ್ತು. ಡಾಕ್ಟರು ನನಗೆ ಹೇಳಿದ್ದರಲ್ಲಿ ಅಣ್ಣನಿಗೆ ಅರ್ಥವಾಗದ್ದು ಒಂದೂ ಇರಲಿಲ್ಲ. ಅದನ್ನು ಅಮ್ಮನ ಕಡೆಯಿಂದ ನೋಡಲಿಲ್ಲ, ಅಷ್ಟೆ.

ನಾನು ಅಮ್ಮನ ಸೀರೆ ಎರಡನ್ನು ಚೀಲಕ್ಕೆ ಹಾಕಿಕೊಂಡೆ. ಅತ್ತಿಗೆ ಒಗೆದ ಬಿಳಿ ಬಟ್ಟೆಯೊಂದನ್ನು ತಂದು ಜಗುಲಿಯ ಅಂಚಿನಲ್ಲಿ ಇಟ್ಟಳು. ಅವಳ ಕೈಯಲ್ಲಿ ಹಳೆಯ ಬಳೆಗಳೇ ಇದ್ದವು.

“ನಿನ್ನೆ ಬಳೆ ಕೊಟ್ಟಾಗ ಹೇಳಿಬಿಡೋಣ ಅಂತ ಬಾಯಿಗೆ ಬಂದಿತ್ತು, ದೇವಮ್ಮ” ಎಂದಳು.

ನಾನು ಬಟ್ಟೆ ತೆಗೆದುಕೊಂಡು ಅಮ್ಮನಿಗೆ ಕಟ್ಟಿದೆ.

ಅಪ್ಪ ಬಸ್ಸಿನವರೆಗೂ ಬಂದ. ಅಮ್ಮನನ್ನು ಎತ್ತಿಕೊಂಡಂತೆಯೇ ಹಿಡಿದು ಮೆಟ್ಟಿಲು ಹತ್ತಿಸಿದ. ತಾನೂ ಹತ್ತುತ್ತಾನೆ ಎಂದು ನಾನು ಪಕ್ಕಕ್ಕೆ ಸರಿದು ಕೂತೆ. ಅವನು ಕಿಟಕಿಯ ಹತ್ತಿರ ಬಂದು, “ಮಧ್ಯಾಹ್ನದ ಸೊಪ್ಪು ಹಾಕಿ ಸಾಯಂಕಾಲದ ಬಸ್ಸಿಗೆ ಬರ್ತೀನಿ” ಎಂದ. ಅಮ್ಮ ಕಿಟಕಿಯಿಂದ ಕೈ ಚಾಚಿ, “ಕೆರೆ ಕಡೆ ತೋಟದ ಸೊಪ್ಪು ಮೊದಲು ಕೊಯ್ಯಿ, ಬಲಿತುಬಿಡುತ್ತೆ” ಎಂದಳು. ಹೊಸಕೋಟೆ ದಾಟುವವರೆಗೂ ಅವಳು ನನ್ನ ಹೆಗಲಿಗೆ ಒರಗಿ ನಡುಗುತ್ತಿದ್ದಳು. ಮೈಯ ಶಾಖ ನನ್ನ ಸೀರೆ ದಾಟಿ ಬರುತ್ತಿತ್ತು. ನಾನು ಅವಳನ್ನು ಹಿಡಿದುಕೊಂಡಿದ್ದೆ, ಆದರೆ ಅವಳ ಮೇಲೂ ನನಗೆ ಸಿಟ್ಟಿತ್ತು. ಎಲ್ಲರಿಗಿಂತ ಹೆಚ್ಚು ಅವಳ ಮೇಲೇ ಇತ್ತು. ನಾಳೆ ನೋಡೀಯಂತೆ ಎಂದು ನಕ್ಕು ಹೇಳಿದ್ದಳಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

“ಯಾವಾಗಿಂದ ಸೋರ್ತಿದೆ?”

“ಮೊನ್ನೆಯಿಂದ ಸ್ವಾಮಿ” ಎಂದಳು ಅಮ್ಮ.

ಡಾಕ್ಟರು ಅಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಇದು ಮೊನ್ನೆಯದಲ್ಲ. ನಿನಗೆ ನಾನು ಎಷ್ಟು ಬಿಡಿಸಿ ಹೇಳಿದ್ದೆ. ಓದಿದವಳು ನೀನು. ಹಳ್ಳಿಯೋರು ಗೊತ್ತಾಗಲಿಲ್ಲ ಅಂದ್ರೆ ಒಪ್ಪಬಹುದು. ನೀನು ಮನೇಲಿದ್ದೂ ಇಷ್ಟಾಗೋಕೆ ಬಿಟ್ಟೆಯಲ್ಲ.”

ಅಮ್ಮ ಚಾವಣಿ ನೋಡುತ್ತ ಮಲಗಿದ್ದಳು. ಈಗಲಾದರೂ ಒಂದು ಮಾತು ಹೇಳುತ್ತಾಳೆ ಎಂದು ಕಾದೆ. ಅವಳಿಗೆ ಗೊತ್ತಿಲ್ಲ ಸ್ವಾಮಿ, ನಾವೇ ಮುಚ್ಚಿಟ್ಟಿದ್ದೆವು, ಇಷ್ಟೇ ಸಾಕಿತ್ತು. ಅವಳು ಹೇಳಲಿಲ್ಲ. ಹೇಳಿದರೆ ಅಪ್ಪನ, ಅಣ್ಣನ ಮಾನ ಹೋಗುತ್ತದೆ. ನನ್ನದು ಹೋದರೆ ಪರವಾಗಿಲ್ಲ ಎಂದಲ್ಲ. ನಾನು ಸುಮ್ಮನಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

“ತಪ್ಪಾಯ್ತು ಸರ್” ಎಂದೆ.

ಡಬ್ಬಿ ಉಳಿಸಿಕೊಳ್ಳುವ ಮಾತೇ ಇರಲಿಲ್ಲ. ತೊಡೆಯ ನಾಳದಿಂದ ಬೇರೊಂದು ತಂತಿ ಕಳಿಸಿ, ಹೊರಗಿನ ಯಂತ್ರದಿಂದ ಹೃದಯ ನಡೆಸುತ್ತಲೇ ಒಳಗಿನದೆಲ್ಲವನ್ನೂ ತೆಗೆಯಬೇಕು. ಹಳೆಯ ತಂತಿ ಹೃದಯದ ಗೋಡೆಗೆ ಅಂಟಿಕೊಂಡಿದ್ದರೆ ಎಳೆಯುವಾಗ ಹರಿಯಬಹುದು. ಹರಿದರೆ ಅಲ್ಲೇ ಮುಗಿಯಿತು. ಎಳೆಯದೆ ಬಿಟ್ಟರೆ ಜ್ವರದಲ್ಲಿ ನಿಧಾನವಾಗಿ ಮುಗಿಯುತ್ತದೆ. ಇದನ್ನು ಡಾಕ್ಟರು ನಡೆಯುತ್ತ ಹೇಳಿದರು, ನಾನು ಹಿಂದೆ ಹಿಂದೆ ನಡೆಯುತ್ತ ಕೇಳಿದೆ. ಸಾಯಂಕಾಲದ ಬಸ್ಸಿಗೆ ಅಪ್ಪ ಬರಲಿಲ್ಲ. ಮಾರನೆಯ ದಿನ ಅಮ್ಮನನ್ನು ಒಳಗೆ ಕರೆದೊಯ್ಯುವಾಗಲೂ ಬಾಗಿಲ ಹತ್ತಿರ ನಾನೊಬ್ಬಳೇ ಇದ್ದೆ. ಹುಳುಗಳು ಹಣ್ಣಾಗುವ ದಿನ ಅದು ಎಂದು ನನಗೂ ಗೊತ್ತಿತ್ತು. ಮೈ ಹಳದಿ ತಿರುಗಿ, ಮೇಯುವುದು ನಿಲ್ಲಿಸಿ, ತಲೆಯೆತ್ತಿ ಗೂಡಿಗೆ ಜಾಗ ಹುಡುಕುವ ದಿನ. ಆ ದಿನ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ.

ತಂತಿ ಬಂತು. ಹರಿಯದೆ ಬಂತು. ಡಾಕ್ಟರು ಹೊರಗೆ ಬಂದು ಹೇಳಿದಾಗ ನಾನು ಗೋಡೆ ಹಿಡಿದುಕೊಂಡೆ. ಅದರ ತುದಿಯವರೆಗೂ ಲೋಳೆ ಹತ್ತಿತ್ತಂತೆ. ರಕ್ತ ಪರೀಕ್ಷೆಗೆ ಕಳಿಸಿದ್ದಾರೆ, ಅದು ಶುದ್ಧವೆಂದು ಬರಬೇಕು, ಆಮೇಲೆ ಬಲಗಡೆ ಹೊಸ ಡಬ್ಬಿ. ಅಲ್ಲಿಯವರೆಗೂ ತೊಡೆಯ ತಂತಿಯ ಮೇಲೆ ಅಮ್ಮನ ಜೀವ. ಅಲ್ಲಾಡಬಾರದು. ಹೊರಗಿನ ಸೋಂಕು ಆ ಗಾಯಗಳಿಗೆ ತಾಕಬಾರದು. ನರ್ಸು ನನಗೊಂದು ನಿಲುವಂಗಿ ಕೊಟ್ಟು, ಮಂಚದ ಹತ್ತಿರ ಯಾರನ್ನೂ ಬಿಡಬೇಡ, ಬರಲೇಬೇಕಾದವರು ಮೊಣಕೈವರೆಗೂ ತೊಳೆದು ಬರಬೇಕು ಎಂದರು.

ಮಂಪರು ಇಳಿದು ಅಮ್ಮ ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ಹತ್ತಿಯಲ್ಲಿ ನೀರು ಅದ್ದಿ ಒರೆಸಿದೆ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೇಳಿದಳು.

“ಹುಳ ಹಣ್ಣಾದ್ವಾ?”

ನಾನು ಹತ್ತಿಯನ್ನು ಬಟ್ಟಲಲ್ಲಿ ಇಟ್ಟೆ.

ರಕ್ತ ಶುದ್ಧವಿದೆ ಎಂಬ ವರದಿ ಬಂದ ದಿನ ಮಧ್ಯಾಹ್ನ ಅಣ್ಣ ಬಂದ. ವಾರ್ಡಿನ ಕೊನೆಯಲ್ಲಿದ್ದ ಅಮ್ಮನ ಕೋಣೆಗೆ ತಿರುಗುವ ಮೂಲೆಯಲ್ಲಿ ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಮದುವೆಗೆ ಹೋಗುವಾಗ ಹಾಕುವ ಅಂಗಿ. ಕೈಯಲ್ಲಿ ಬಟ್ಟೆಯ ಗಂಟು.

“ಹೆಂಗವ್ಳೆ?”

“ನಾಳೆ ಹೊಸ ಡಬ್ಬಿ ಇಡ್ತಾರೆ.”

“ಸದ್ಯ” ಎಂದ. ಕಣ್ಣೊರೆಸಿಕೊಂಡ. ನಿಜವಾಗಿಯೂ ಅತ್ತಿದ್ದ. ಅದೇ ನನಗೆ ಇನ್ನೂ ಅರ್ಥವಾಗುವುದಿಲ್ಲ. ಆಮೇಲೆ ಗಂಟು ಬಿಚ್ಚಿ ಗೂಡು ತೋರಿಸಿದ. ಬಂಗಾರದ ಬಣ್ಣ, ಬೆರಳಲ್ಲಿ ಒತ್ತಿದರೆ ಗಟ್ಟಿ. “ಆ ಒಂದು ತಟ್ಟೆ ಬಿಟ್ಟು ಎಲ್ಲಾ ಕಟ್ತು ಕಣೆ. ಈ ಥರ ಬೆಳೆ ನಾವು ಯಾವತ್ತೂ ತೆಗ್ದಿಲ್ಲ. ಅಮ್ಮಂಗೆ ತೋರ್ಸೋಣ ಅಂತ ತಂದೆ. ನೋಡಿದ್ರೆ ಅರ್ಧ ಕಾಯಿಲೆ ಹೋಗುತ್ತೆ.”

ಅವನ ಮಾತು ಸುಳ್ಳಾಗಿರಲಿಲ್ಲ. ಅಮ್ಮ ಗೂಡು ನೋಡಿದ್ದರೆ ಎದ್ದು ಕೂರುತ್ತಿದ್ದಳೇನೋ.

“ಕೈ ತೊಳ್ಕೊ” ಎಂದೆ.

ಅವನು ಗಂಟನ್ನು ಬೆಂಚಿನ ಮೇಲಿಟ್ಟು ನಲ್ಲಿಯ ಹತ್ತಿರ ಹೋದ. ಮೊಣಕೈವರೆಗೂ ಸೋಪು ಹಚ್ಚಿ ತೊಳೆದ, ಬೆರಳ ಸಂದಿ, ಉಗುರು. ಅಷ್ಟು ಚೆನ್ನಾಗಿ ಯಾರೂ ತೊಳೆಯುವುದಿಲ್ಲ. ನೀರು ಸೋರುವ ಕೈಗಳನ್ನು ಎತ್ತಿ ಹಿಡಿದು ಬಂದು ಬಾಗಿಲ ಮುಂದೆ ನಿಂತ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ, ಸರಿಯಲಿಲ್ಲ.

“ಇವತ್ತು ಬೇಡ” ಎಂದೆ. “ಹೊರಗಿನೋರು ಬರಂಗಿಲ್ಲ.”

ಅವನು ನಗಲು ನೋಡಿದ. ನಾನು ನಗುತ್ತಿಲ್ಲವೆಂದು ಕಂಡು ನಿಂತ. ಕೈಗಳು ಇನ್ನೂ ಮೇಲಕ್ಕೇ ಇದ್ದವು. ಆಮೇಲೆ ಅವನ್ನು ಮದುವೆ ಅಂಗಿಗೇ ಒರೆಸಿಕೊಂಡು ಬೆಂಚಿನ ಕಡೆ ಹೋದ.

ನಾನು ಒಳಗೆ ಬಂದು ಬಾಗಿಲು ಮುಂದೆ ಮಾಡಿದೆ. ಅಮ್ಮ ಎಚ್ಚರವಾಗಿದ್ದಳು. ತಲೆ ಅಲ್ಲಾಡಿಸುವಂತಿಲ್ಲವಾದ್ದರಿಂದ ಕಣ್ಣನ್ನಷ್ಟೇ ಹೊರಳಿಸಿ ಬಾಗಿಲ ಕಡೆ ನೋಡುತ್ತಿದ್ದಳು.

“ಗೋಪಾಲನ ದನಿ ಕೇಳ್ದಂಗಾಯ್ತು” ಎಂದಳು. “ಯಾರೇ ಬಂದಿದ್ದು?”

ಹೊರಗೆ ಬೆಂಚು ಕಿರುಗುಟ್ಟಿತು. ನಾನು ಅವಳ ಹೊದಿಕೆ ಸರಿಮಾಡಿದೆ, ತಂತಿ ತಾಕದಂತೆ.

“ಯಾರೂ ಇಲ್ಲಮ್ಮ” ಎಂದೆ. “ನೀನು ರೆಸ್ಟ್ ತಗೋ.”